ಎದೆ ಢವಢವ ಅಂದ್ರೆ ಎಲ್ಲಾ ಒಂದೇನಾ? ಆತಂಕದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರ, ಮೆಸೇಜು ಎಲ್ಲಾ ಒಟ್ಟಿಗೆ ಇಟ್ಕೊಂಡು ನೋಡಿದ್ರೆ ಮುಕ್ಕಾಲು ಪಾಲು ಒಂದೇ ಥರ ಶುರುವಾಗ್ತವೆ, "ಡಾಕ್ಟ್ರೇ ನನಗೆ ಆಂಗ್ಸೈಟಿ ಇದೆ, ಏನಾದ್ರೂ ಹೇಳಿ" ಅಂತ. ಮುಂದಕ್ಕೆ ಓದ್ತಾ ಹೋದ್ರೆ ಒಬ್ಬರಿಗೆ ರಾತ್ರಿಯೆಲ್ಲಾ ಯೋಚನೆ, ಇನ್ನೊಬ್ಬರಿಗೆ ಇದ್ದಕ್ಕಿದ್ದಂಗೆ ಎದೆ ಹಿಡ್ಕೊಳ್ಳತ್ತೆ, ಮತ್ತೊಬ್ಬರಿಗೆ ನಾಲ್ಕು ಜನರ ಮುಂದೆ ನಿಂತ್ರೆ ಬಾಯಿ ಒಣಗತ್ತೆ. ಎಲ್ಲಕ್ಕೂ ಒಂದೇ ಹೆಸರು ಇಟ್ಟು ಒಂದೇ ಉತ್ತರ ಕೊಟ್ರೆ ಯಾರಿಗೂ ಉಪಯೋಗ ಆಗಲ್ಲ, ಅದಕ್ಕೇ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದೀನಿ. ಹೆಸರು, ಊರು, ಗುರುತು ಸಿಗೋ ವಿವರ ಎಲ್ಲಾ ತೆಗೆದಿದೀನಿ. ಪತ್ರ ಓದಿ ಕಾಯಿಲೆ ಇಂಥದ್ದೇ ಅಂತ ತೀರ್ಮಾನ ಮಾಡೋಕಾಗಲ್ಲ, ಯಾವ ದಿಕ್ಕಲ್ಲಿ ಯೋಚನೆ ಮಾಡ್ಬೇಕು ಅಂತ ಹೇಳಬಹುದು ಅಷ್ಟೇ. ಮತ್ತೆ ಪ್ರತಿ ಪತ್ರದಲ್ಲೂ ನಾನು ಹುಡುಕೋದು ಒಂದೇ ವಿಷಯ, ಭಯ ಎಷ್ಟಿದೆ ಅನ್ನೋದಕ್ಕಿಂತ ಆ ಭಯದಿಂದ ಇವರು ಏನೇನು ಮಾಡೋದು ಬಿಟ್ಟಿದಾರೆ ಅಂತ.

ಪ್ರಶ್ನೆ: ನನಗೆ 38 ವರ್ಷ. ಯಾವಾಗ್ಲೂ ಏನಾದ್ರೂ ಒಂದು ಯೋಚನೆ ಓಡ್ತಾನೇ ಇರತ್ತೆ. ಮಕ್ಕಳು ಸ್ಕೂಲಿಂದ ಹತ್ತು ನಿಮಿಷ ಲೇಟಾದ್ರೆ ಆಕ್ಸಿಡೆಂಟ್ ಆಗಿರಬಹುದು ಅನ್ನೋ ಮಟ್ಟಕ್ಕೆ ಹೋಗ್ತೀನಿ, ಅವರು ಬಂದ್ರೆ ದುಡ್ಡಿನ ಯೋಚನೆ, ಅದು ಮುಗಿದ್ರೆ ಅಮ್ಮನ ಆರೋಗ್ಯ, ಆಫೀಸಲ್ಲಿ ಯಾರೋ ಒಂದು ಮಾತು ಕಮ್ಮಿ ಆಡಿದ್ರೆ ಅದು. ಕುತ್ತಿಗೆ ಭುಜ ಯಾವಾಗ್ಲೂ ನೋವು. ಮನೇಲಿ "ನಿನ್ನ ಸ್ವಭಾವಾನೇ ಹಂಗೆ" ಅಂತಾರೆ. ಇದು ಸ್ವಭಾವನಾ, ಕಾಯಿಲೆನಾ?

ಉತ್ತರ: ಯೋಚನೆ ಮಾಡೋ ಸ್ವಭಾವದವರು ಇದ್ದೇ ಇರ್ತಾರೆ, ಅವರಿಗೂ ನಿಮಗೂ ಇರೋ ವ್ಯತ್ಯಾಸ ನಿಮ್ಮ ಪತ್ರದಲ್ಲೇ ಇದೆ ನೋಡಿ. ಮಕ್ಕಳು ಮನೆಗೆ ಬಂದ್ಮೇಲೆ ಯೋಚನೆ ನಿಲ್ಲಬೇಕಿತ್ತು, ಅದು ನಿಲ್ಲಲಿಲ್ಲ, ಬೇರೆ ವಿಷಯ ಹುಡುಕ್ಕೊಂಡು ಹೋಯ್ತು. ಅಂದ್ರೆ ತೊಂದರೆ ಮಕ್ಕಳದ್ದೂ ಅಲ್ಲ ದುಡ್ಡಿಂದೂ ಅಲ್ಲ, ಯೋಚನೆಗೆ ಬ್ರೇಕ್ ಹಾಕೋಕಾಗ್ತಿಲ್ಲ ಅನ್ನೋದೇ ತೊಂದರೆ. ನಾವು ಇದನ್ನ ಜನರಲೈಸ್ಡ್ ಆಂಗ್ಸೈಟಿ ಅಂತೀವಿ. ಒಂದು ವಿಷಯಕ್ಕೆ ಅಂಟಿಕೊಳ್ಳದೆ ಬದುಕಿನ ನಾಲ್ಕೂ ಕಡೆ ಹರಡ್ಕೊಂಡಿರೋ ಆತಂಕ ಇದು.

ಡಾಕ್ಟರುಗಳು ಇದಕ್ಕೆ ಒಂದು ಅಳತೆ ಇಟ್ಕೊಂಡಿದಾರೆ. ಕನಿಷ್ಠ 6 ತಿಂಗಳಿಂದ, ಬಿಟ್ಟ ದಿನಗಳಿಗಿಂತ ಇದ್ದ ದಿನಗಳೇ ಜಾಸ್ತಿ ಅನ್ನೋ ಹಂಗೆ ಈ ಯೋಚನೆ ಇರಬೇಕು, ನಿಲ್ಲಿಸೋಕೆ ಹೋದ್ರೂ ನಿಲ್ಲಬಾರದು, ಜೊತೆಗೆ ಚಡಪಡಿಕೆ, ಬೇಗ ಸುಸ್ತಾಗೋದು, ಗಮನ ನಿಲ್ಲದಿರೋದು, ಸಿಡಿಸಿಡಿ, ಮಾಂಸಖಂಡ ಬಿಗಿ ಹಿಡಿಯೋದು, ನಿದ್ದೆ ಕೆಡೋದು ಈ ಆರರಲ್ಲಿ ಮೂರಾದ್ರೂ ಇರಬೇಕು. ನಿಮ್ಮ ಕುತ್ತಿಗೆ ನೋವು ಇಲ್ಲಿ ಬರತ್ತೆ. ನನ್ನ ಅನುಭವದಲ್ಲಿ ಈ ಥರದವರು ಸೀದಾ ಮನೋವೈದ್ಯರ ಹತ್ರ ಬರೋದು ಬಹಳ ಕಮ್ಮಿ, ಮೊದಲು ಕುತ್ತಿಗೆಗೆ ಎಕ್ಸ್‌ರೇ ಆಗಿರತ್ತೆ, ಹೊಟ್ಟೆಗೆ ಸ್ಕ್ಯಾನ್ ಆಗಿರತ್ತೆ, ತಲೆನೋವಿಗೆ ಕನ್ನಡಕ ಬದಲಾಗಿರತ್ತೆ, ಎಲ್ಲಾ ನಾರ್ಮಲ್ ಅಂದ್ಮೇಲೆ ಕೊನೆಗೆ ಯಾರೋ ಹೇಳಿ ಕಳಿಸಿರ್ತಾರೆ.

ಅಂದ ಮಾತ್ರಕ್ಕೆ ದೇಹದ ಪರೀಕ್ಷೆ ಬೇಡ ಅಂತಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದ್ರೂ ಎದೆ ಬಡಿತ, ಕೈ ನಡುಕ, ಬೆವರು, ನಿದ್ದೆ ಇಲ್ಲದಿರೋದು ಎಲ್ಲಾ ಥೇಟ್ ಆತಂಕದ ಥರಾನೇ ಬರತ್ತೆ, ರಕ್ತ ಕಮ್ಮಿ ಇದ್ರೂ ಎದೆ ಹೊಡ್ಕೊಳ್ಳತ್ತೆ. ಹಾಗಾಗಿ ಮೊದಲ ಸಲ ತೋರಿಸ್ಕೊಳ್ಳುವಾಗ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ಇವನ್ನ ನೋಡಿಸೋದು ಒಳ್ಳೇದೇ. ಒಂದು ಸಲ ನೋಡಿಸಿ, ನಾರ್ಮಲ್ ಬಂದ್ರೆ ಅಲ್ಲಿಗೆ ಬಿಡಿ. ಕಾಫಿ ಎಷ್ಟು ಸಲ ಕುಡೀತೀರ ಅಂತಾನೂ ಲೆಕ್ಕ ಹಾಕಿ, ಕೆಫೀನ್ ಅರ್ಧಕ್ಕರ್ಧ ಮೈಯಿಂದ ಇಳಿಯೋಕೇ ಸುಮಾರು 5 ಗಂಟೆ ಬೇಕು, ಸಂಜೆ ಕುಡಿದಿದ್ದು ರಾತ್ರಿ ಹಾಸಿಗೇಲೂ ನಿಮ್ಮ ಜೊತೇನೇ ಇರತ್ತೆ.

ಮನೇಲಿ ಕೂತು ಅಂದಾಜು ಮಾಡ್ಕೊಳ್ಳೋಕೆ ಜಿಎಡಿ-7 ಅಂತ ಒಂದು ಪ್ರಶ್ನಾವಳಿ ಇದೆ, 2006ರಲ್ಲಿ ಬಂದಿದ್ದು. ಕಳೆದ 2 ವಾರದ ಬಗ್ಗೆ 7 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 21. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ್ ಹತ್ರ ಒಂದು ಸಲ ಸರಿಯಾಗಿ ಮಾತಾಡಿ ಅಂತ ಅರ್ಥ, ಕಾಯಿಲೆ ಗ್ಯಾರಂಟಿ ಅಂತ ಅರ್ಥ ಅಲ್ಲ. ಸ್ಕೋರ್ ಕಮ್ಮಿ ಬಂದು ಬದುಕು ಮಾತ್ರ ಕಷ್ಟ ಆಗ್ತಿದ್ರೆ ಸ್ಕೋರ್ ಬಿಟ್ಟಾಕಿ, ನಿಮ್ಮ ಕಷ್ಟಾನೇ ಸಾಕು ಕಾರಣ.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್ ಕೆಲಸ. ಮೂರು ತಿಂಗಳ ಹಿಂದೆ ಗಾಡಿ ಓಡಿಸ್ತಿರುವಾಗ ಏನೂ ಕಾರಣ ಇಲ್ಲದೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ಉಸಿರು ಸಾಲ್ತಿಲ್ಲ ಅನ್ನಿಸ್ತು, ಕೈಬೆರಳೆಲ್ಲಾ ಜುಮ್ ಅಂತು, ಸತ್ತೇ ಹೋದೆ ಅನ್ಕೊಂಡೆ. ಎಮರ್ಜೆನ್ಸಿಗೆ ಹೋದ್ರೆ ಇಸಿಜಿ ನಾರ್ಮಲ್, "ಗ್ಯಾಸ್ ಇರಬಹುದು, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದ್ರು. ಆಮೇಲೂ ಕೆಲವು ಸಲ ಬಂದಿದೆ. ಈಗ ಗಾಡಿ ಮುಟ್ಟಲ್ಲ, ಬಸ್ಸಲ್ಲೂ ಬಾಗಿಲ ಹತ್ರಾನೇ ನಿಲ್ತೀನಿ, ಲಿಫ್ಟ್ ಬಿಟ್ಟಿದೀನಿ. ಇದು ಹಾರ್ಟಾ, ತಲೆನಾ?

ಉತ್ತರ: ನೀವು ಬರೆದಿರೋದು ಪ್ಯಾನಿಕ್ ಅಟ್ಯಾಕ್‌ಗೆ ಚೆನ್ನಾಗಿ ಹೊಂದತ್ತೆ. ಇದ್ದಕ್ಕಿದ್ದಂಗೆ ಬರತ್ತೆ, ಕೆಲವೇ ನಿಮಿಷದಲ್ಲಿ ತುದಿ ಮುಟ್ಟತ್ತೆ, ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಇಳಿಯತ್ತೆ, ಸಾಯ್ತೀನಿ ಅಥವಾ ಹುಚ್ಚು ಹಿಡಿಯತ್ತೆ ಅನ್ನೋ ಭಯ ಜೊತೇಲಿರತ್ತೆ. ಕೆಲವರಿಗೆ ಗಾಢ ನಿದ್ದೇಲೂ ಬಂದು ಎಬ್ಬಿಸಿಬಿಡತ್ತೆ. ಕಾರಣ ಇಲ್ಲದೆ ಬರೋದೇ ಇದರ ಲಕ್ಷಣ, "ಟೆನ್ಷನ್ನೇ ಇರಲಿಲ್ಲ ಡಾಕ್ಟ್ರೇ, ಆರಾಮಾಗಿ ಕೂತಿದ್ದೆ" ಅಂತಾನೇ ಬಹಳ ಜನ ಹೇಳೋದು. ಹಾಗಾಗಿ ಟೆನ್ಷನ್ ಮಾಡ್ಕೋಬೇಡಿ ಅನ್ನೋ ಸಲಹೆಯಿಂದ ನಿಮಗೆ ಸಿಟ್ಟು ಬಂದಿದ್ರೆ ಅದು ನ್ಯಾಯವಾದದ್ದೇ.

ಬೆರಳು ಜುಮ್ ಅನ್ನೋದು ಯಾಕೆ ಗೊತ್ತಾ? ಗಾಬರೀಲಿ ನಾವು ಗೊತ್ತಿಲ್ಲದಂಗೆ ಜೋರಾಗಿ, ಬೇಗ ಬೇಗ ಉಸಿರಾಡ್ತೀವಿ. ಉಸಿರು ಸಾಲ್ತಿಲ್ಲ ಅನ್ನಿಸತ್ತೆ, ನಿಜವಾಗಿ ಆಗಿರೋದು ಉಲ್ಟಾ, ಉಸಿರು ಜಾಸ್ತಿಯಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದುಬಿಟ್ಟಿರತ್ತೆ, ಅದರಿಂದ್ಲೇ ಬೆರಳು ತುಟಿ ಜುಮ್ ಅನ್ನೋದು, ತಲೆ ತಿರುಗೋದು, ಸುತ್ತ ಇರೋದೆಲ್ಲಾ ನಿಜ ಅಲ್ಲವೇನೋ ಅನ್ನಿಸೋದು. ಆಗ "ಡೀಪ್ ಬ್ರೆತ್ ತಗೋ, ಇನ್ನೂ ತಗೋ" ಅಂತ ಪಕ್ಕದವರು ಹೇಳಿದ್ರೆ ಇನ್ನೂ ಕೆಡತ್ತೆ. ಒಳಗೆ ತಗೊಳ್ಳೋದಕ್ಕಿಂತ ಹೊರಗೆ ಬಿಡೋದನ್ನ ನಿಧಾನ ಮಾಡ್ಬೇಕು, ಮೂಗಿಂದ ಸಣ್ಣಗೆ ಎಳ್ಕೊಂಡು ಬಾಯಿಂದ ಉದ್ದಕ್ಕೆ. ಪೇಪರ್ ಬ್ಯಾಗ್ ಒಳಗೆ ಉಸಿರಾಡೋ ಹಳೇ ಉಪಾಯ ಬೇಡ, ಅದು ನಿಜವಾದ ಆಸ್ತಮಾನೋ ಹಾರ್ಟ್ ತೊಂದರೇನೋ ಆಗಿದ್ರೆ ಆಕ್ಸಿಜನ್ ಇನ್ನೂ ಕಮ್ಮಿಯಾಗಿ ಅಪಾಯ ಆಗತ್ತೆ.

ಹಾರ್ಟಾ ಅಂತ ಕೇಳಿದೀರಿ. ಮೊದಲ ಸಲ ಎದೆನೋವು ಬಂದಾಗ ಎಮರ್ಜೆನ್ಸಿಗೆ ಹೋಗಿದ್ದು ನೂರಕ್ಕೆ ನೂರು ಸರಿ, ಮನೇಲಿ ಕೂತು ಇದು ಪ್ಯಾನಿಕ್ಕೇ ಇರಬೇಕು ಅಂತ ತೀರ್ಮಾನ ಮಾಡೋ ವಿಷಯ ಅಲ್ಲ ಅದು. ಇನ್ನು ಮುಂದೇನೂ ನೋವು ಎಡಗೈಗೋ ದವಡೆಗೋ ಹರಡಿದ್ರೆ, ಮೆಟ್ಟಿಲು ಹತ್ತುವಾಗ ಬಂದು ಕೂತ್ರೆ ಹೋಗೋ ಥರ ಇದ್ರೆ, ತಣ್ಣನೆ ಬೆವರು ಬಂದು ನೋವು ಇಳೀದೇ ಇದ್ರೆ, ಪ್ರಜ್ಞೆ ತಪ್ಪಿದ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬಿಪಿ, ಶುಗರ್, ಸಿಗರೇಟು ಇರೋರು, ಮನೇಲಿ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆದ ಇತಿಹಾಸ ಇರೋರು ಇನ್ನೂ ಹುಷಾರಾಗಿರಬೇಕು. ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಒಂದೊಂದು ಸಲ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರು ಕಟ್ಟೋದಾಗಿ ಬರತ್ತೆ, ಅದನ್ನ ಗಾಬರಿ ಅಂತ ತಳ್ಳಿಹಾಕೋದೂ ನಡೆಯತ್ತೆ, ಅದಕ್ಕೇ ಹೇಳ್ತಿದೀನಿ.

ಈ ಗೊಂದಲ ಹೊಸದಲ್ಲ ಬಿಡಿ. ಅಮೆರಿಕಾದ ಅಂತರ್ಯುದ್ಧದ ಸೈನಿಕರಲ್ಲಿ ಎದೆ ಬಡಿತ, ಎದೆನೋವು, ಉಸಿರು ಕಟ್ಟೋದು ನೋಡಿ ಜೇಕಬ್ ಡ ಕೋಸ್ಟಾ ಅನ್ನೋ ವೈದ್ಯರು 1871ರಲ್ಲೇ ಬರೆದಿದ್ರು, ಅವರು ಇದನ್ನ ಹೃದಯದ ತೊಂದರೆ ಅಂತಾನೇ ನೋಡಿದ್ದು. ಪ್ಯಾನಿಕ್ ಡಿಸಾರ್ಡರ್ ಅಂತ ಅಮೆರಿಕಾದ ಮನೋವೈದ್ಯರ ಕೈಪಿಡೀಲಿ ಬೇರೆ ಹೆಸರು ಸಿಕ್ಕಿದ್ದು 1980ರಲ್ಲಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಿಮ್ಮ ಪತ್ರದಲ್ಲಿ ನನಗೆ ಅಟ್ಯಾಕ್‌ಗಿಂತ ಜಾಸ್ತಿ ಚಿಂತೆ ಆಗಿದ್ದು ಕೊನೇ ಸಾಲು. ಗಾಡಿ ಬಿಟ್ರಿ, ಲಿಫ್ಟ್ ಬಿಟ್ರಿ, ಬಸ್ಸಲ್ಲಿ ಬಾಗಿಲ ಹತ್ರಾನೇ. ಹೀಗೆ ತಪ್ಪಿಸ್ಕೊಳ್ಳೋದು ಸಾಲ ಮಾಡ್ದಂಗೆ, ಇವತ್ತಿಗೆ ನಿರಾಳ, ಬಡ್ಡಿ ಮಾತ್ರ ಬೆಳೀತಾನೇ ಹೋಗತ್ತೆ. ಒಂದು ಅಟ್ಯಾಕ್ ಬಂದ ಮಾತ್ರಕ್ಕೆ ಪ್ಯಾನಿಕ್ ಡಿಸಾರ್ಡರ್ ಅನ್ನಲ್ಲ, ಜೀವನದಲ್ಲಿ ಒಂದೆರಡು ಸಲ ಬಂದು ಮತ್ತೆ ಬರದವರು ಎಷ್ಟೋ ಜನ ಇದಾರೆ. ಮತ್ತೆ ಮತ್ತೆ ಬಂದು, "ಮುಂದಿನದು ಯಾವಾಗ" ಅನ್ನೋ ಭಯದಲ್ಲೇ ಒಂದು ತಿಂಗಳು ಕಳೆದ್ರೆ, ಅಥವಾ ಅದಕ್ಕೋಸ್ಕರ ಓಡಾಟಾನೇ ಬದಲಾಯಿಸ್ಕೊಂಡ್ರೆ ಆಗ ಡಿಸಾರ್ಡರ್ ಅಂತೀವಿ. ತಪ್ಪಿಸ್ಕೊಂಡು ಓಡೋಕಾಗದ ಜಾಗಗಳ ಬಗ್ಗೆ ಬರೋ ಈ ಭಯಕ್ಕೆ ಅಗೊರಾಫೋಬಿಯಾ ಅಂತ ಹೆಸರು, ಅದು ಬೆಳೆದು ಬೆಳೆದು ಕೆಲವರು ಮನೆ ಹೊಸ್ತಿಲು ದಾಟೋದೇ ಬಿಟ್ಟಿರೋದನ್ನ ನೋಡಿದೀನಿ. ನೀವು ಮೂರು ತಿಂಗಳಲ್ಲೇ ಬರೆದಿದೀರಿ, ಒಳ್ಳೇದಾಯ್ತು, ಈಗ್ಲೇ ಹೋಗಿ. ಸಿಬಿಟಿ ಅಂತ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡತ್ತೆ. ಅದರಲ್ಲಿ ಒಂದು ಭಾಗ ಕೇಳಿದ್ರೆ ನಗ್ತೀರ, ಬೇಕಂತಾನೇ ಜಾಗ ಬಿಟ್ಟು ಕದಲದೆ ಓಡಿಸ್ತಾರೆ, ಕುರ್ಚೀಲಿ ಗಿರಗಿರ ತಿರುಗಿಸ್ತಾರೆ, ಎದೆ ಹೊಡ್ಕೊಂಡ್ರೂ ತಲೆ ತಿರುಗಿದ್ರೂ ಏನೂ ಆಗಲ್ಲ ಅನ್ನೋದು ಮೈಗೇ ಗೊತ್ತಾಗಲಿ ಅಂತ. ಆಮೇಲೆ ಲಿಫ್ಟು, ಬಸ್ಸು, ಗಾಡಿ, ಒಂದೊಂದಾಗಿ ವಾಪಸ್.

ಪ್ರಶ್ನೆ: ನಾನು ಡಿಗ್ರಿ ಸ್ಟೂಡೆಂಟ್. ಕ್ಲಾಸಲ್ಲಿ ಹಾಜರಿ ಹೇಳೋಕೂ ಎದೆ ಬಡ್ಕೊಳ್ಳತ್ತೆ. ಸೆಮಿನಾರ್ ಇದ್ದ ದಿನ ರಜೆ ಹಾಕ್ತೀನಿ. ಫೋನ್ ರಿಂಗಾದ್ರೆ ಎತ್ತಲ್ಲ, ಆಮೇಲೆ ಮೆಸೇಜ್ ಮಾಡ್ತೀನಿ. ಎಲ್ರೂ ನಾಚಿಕೆ ಸ್ವಭಾವ ಅಂತಾರೆ. ಫ್ರೆಂಡ್ ಒಬ್ಬ ಸ್ಟೇಜ್ ಮೇಲೆ ಹೋಗೋ ಮುಂಚೆ ಒಂದು ಮಾತ್ರೆ ತಗೋತಾನಂತೆ, ನಾನೂ ತಗೋಬಹುದಾ ಸರ್/ಮೇಡಂ?

ಉತ್ತರ: ಮೇಡಂ. ಮಾತ್ರೆ ವಿಷಯ ಮೊದಲು, ಅವನು ತಗೊಳ್ಳೋದು ಬಹುಶಃ ಪ್ರೊಪ್ರನಲಾಲ್ ಇರಬೇಕು, ಎದೆ ಬಡಿತ ಮತ್ತು ನಡುಕ ಕಮ್ಮಿ ಮಾಡತ್ತೆ, ಆಸ್ತಮಾ ಇರೋರಿಗೆ ಅಪಾಯ, ಫ್ರೆಂಡ್ ಜೇಬಿಂದ ತಗೊಳ್ಳೋ ಮಾತ್ರೆ ಅಲ್ಲ. ವರ್ಷಕ್ಕೊಂದು ಸಲ ಸ್ಟೇಜ್ ಹತ್ತೋರಿಗೆ ಡಾಕ್ಟರು ಕೊಡೋದುಂಟು, ನಿಮಗೆ ಹಾಜರಿ ಹೇಳೋಕೇ ಕಷ್ಟ ಅಂದ್ರೆ ದಿನಾ ನುಂಗ್ತೀರಾ?

ನಾಚಿಕೆ ಇರೋ ಹುಡುಗ ಮೊದಲ ಹತ್ತು ನಿಮಿಷ ಮುದುರ್ಕೊಂಡು ಆಮೇಲೆ ಬೆರೀತಾನೆ, ಸೆಮಿನಾರ್ ದಿನ ಹೊಟ್ಟೇಲಿ ಕಿವುಚಿದ್ರೂ ಹೋಗಿ ಏನೋ ಒಂದು ಹೇಳಿ ಬರ್ತಾನೆ. ನೀವು ಹೋಗ್ತಾನೇ ಇಲ್ಲ. ಜನ ನನ್ನನ್ನ ಅಳೀತಿದಾರೆ, ನನ್ನ ಕೈ ನಡುಗೋದು ಕಾಣತ್ತೆ, ನಗ್ತಾರೆ ಅನ್ನೋ ಭಯ 6 ತಿಂಗಳಿಗಿಂತ ಜಾಸ್ತಿ ಇದ್ದು, ಓದಿಗೆ, ಕೆಲಸಕ್ಕೆ, ಸ್ನೇಹಕ್ಕೆ ಅಡ್ಡ ಬರ್ತಿದ್ರೆ ಅದನ್ನ ಸೋಶಿಯಲ್ ಆಂಗ್ಸೈಟಿ ಅಂತೀವಿ. ಹೆಚ್ಚಾಗಿ ಹದಿಹರೆಯದಲ್ಲೇ ಶುರುವಾಗೋದು, ಅದಕ್ಕೇ "ಇವನು ಮುಂಚಿಂದ್ಲೂ ಹೀಗೇ" ಅಂತ ಮನೆಯವರೂ ಸುಮ್ಮನಾಗ್ತಾರೆ, ಹತ್ತು ಹದಿನೈದು ವರ್ಷ ಹಂಗೇ ಹೋಗ್ಬಿಡತ್ತೆ, ಇಂಟರ್ವ್ಯೂ ಬೇಡ ಅಂತ ಕಮ್ಮಿ ಸಂಬಳದ ಕೆಲಸದಲ್ಲೇ ಉಳ್ಕೊಂಡವರೂ ಇದಾರೆ.

ನಿಮ್ಮ ಮೇಲೆ ಒಂದು ಕಣ್ಣಿಡಿ. ಮಾತಾಡೋ ಮುಂಚೆ ಪ್ರತಿ ವಾಕ್ಯ ಮನಸ್ಸಲ್ಲೇ ಓದ್ಕೊಳ್ಳೋದು, ಕಣ್ಣು ತಪ್ಪಿಸೋಕೆ ಮೊಬೈಲ್ ಹಿಡ್ಕೊಳ್ಳೋದು, ಕೊನೇ ಬೆಂಚಲ್ಲಿ ಕೂರೋದು, ಮುಗಿದ್ಮೇಲೆ ಮನೆಗೆ ಬಂದು "ಛೇ ಹಂಗ್ಯಾಕೆ ಅಂದೆ" ಅಂತ ಗಂಟೆಗಟ್ಟಲೆ ರಿಪ್ಲೇ ಹಾಕೋದು. ಇವೆಲ್ಲಾ ನಿಮ್ಮನ್ನ ಕಾಪಾಡ್ತಿವೆ ಅನ್ನಿಸತ್ತೆ, ಆದ್ರೆ ಇವು ಇರೋವರೆಗೂ "ಹಿಂಗೆ ಮಾಡಿದ್ದಕ್ಕೇ ಬಚಾವಾದೆ" ಅಂತಾನೇ ಮನಸ್ಸು ಲೆಕ್ಕ ಹಾಕತ್ತೆ. ಕಾಲೇಜಲ್ಲಿ ಕೌನ್ಸೆಲರ್ ಇದ್ರೆ ಅಲ್ಲಿಂದ ಶುರು ಮಾಡಿ. ಮಾತಾಡಿ ಹೇಳೋಕಾಗಲ್ಲ ಅಂದ್ರೆ ನನಗೆ ಬರೆದ ಈ ಮೆಸೇಜನ್ನೇ ಅವರಿಗೆ ತೋರಿಸಿ, ಸಾಕು.

ಪ್ರಶ್ನೆ: ಬ್ಲಡ್ ಟೆಸ್ಟ್ ಅಂದ್ರೆ ಸಾಕು, ಸೂಜಿ ನೋಡಿದ ತಕ್ಷಣ ಕಣ್ಣು ಕತ್ತಲೆ ಬಂದು ಬಿದ್ದುಬಿಡ್ತೀನಿ. ಅಪ್ಪನಿಗೂ ಹಿಂಗೇ ಇತ್ತು. ರಿಲ್ಯಾಕ್ಸ್ ಆಗಿ ಅಂತಾರೆ, ರಿಲ್ಯಾಕ್ಸ್ ಆದ್ರೂ ಬೀಳ್ತೀನಿ!

ಉತ್ತರ: ರಿಲ್ಯಾಕ್ಸ್ ಆದ್ರೆ ಇನ್ನೂ ಬೇಗ ಬೀಳ್ತೀರ, ಅದೇ ಇದರ ಮಜಾ. ಬೇರೆ ಎಲ್ಲಾ ಭಯದಲ್ಲಿ ಎದೆ ಬಡಿತ, ಬಿಪಿ ಏರತ್ತೆ. ರಕ್ತ, ಸೂಜಿ, ಗಾಯದ ಭಯದಲ್ಲಿ ಮಾತ್ರ ಮೊದಲು ಸ್ವಲ್ಪ ಏರಿ ಆಮೇಲೆ ಧಡಕ್ಕನೆ ಇಳಿಯತ್ತೆ, ಮೆದುಳಿಗೆ ರಕ್ತ ಕಮ್ಮಿಯಾಗಿ ಮೂರ್ಛೆ. ಮನೆತನದಲ್ಲಿ ಬರೋದೂ ಜಾಸ್ತಿ, ನಿಮ್ಮಪ್ಪನ ಕಥೆ ಅದೇ. ಇದಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಊಸ್ಟ್ 1980ರ ದಶಕದಲ್ಲಿ ಒಂದು ಉಪಾಯ ರೂಢಿಗೆ ತಂದ್ರು. ಕೂತ್ಕೊಂಡು ಕೈ, ಕಾಲು, ಹೊಟ್ಟೆ ಮಾಂಸಖಂಡ ಗಟ್ಟಿಯಾಗಿ ಬಿಗಿ ಹಿಡೀರಿ, ಮುಖಕ್ಕೆ ಬಿಸಿ ಏರೋವರೆಗೂ, ಸುಮಾರು 10ರಿಂದ 15 ಸೆಕೆಂಡ್. ಬಿಡಿ, ಪೂರ್ತಿ ಸಡಿಲ ಮಾಡಬೇಡಿ, ಮಾಮೂಲಿಗೆ ಬನ್ನಿ. ಅರ್ಧ ನಿಮಿಷ ಬಿಟ್ಟು ಮತ್ತೆ. ಹೀಗೆ ಐದು ಸಲ. ಮನೇಲಿ ಕೆಲವು ದಿನ ಅಭ್ಯಾಸ ಮಾಡ್ಕೊಂಡು ಆಮೇಲೆ ಟೆಸ್ಟ್‌ಗೆ ಹೋಗಿ, ಸೂಜಿ ಚುಚ್ಚೋ ಕೈ ಮಾತ್ರ ಸಡಿಲ ಇರಲಿ. ಹಾರ್ಟ್ ತೊಂದರೆ, ಜಾಸ್ತಿ ಬಿಪಿ ಇರೋರು, ಬಸುರಿಯರು ಡಾಕ್ಟರನ್ನ ಕೇಳಿ ಮಾಡಿ. ಮತ್ತೆ ಲ್ಯಾಬಲ್ಲಿ ಮೊದಲೇ ಹೇಳಿ, ಮಲಗಿಸಿ ತಗೋತಾರೆ. ಸೂಜಿ ಭಯಕ್ಕೆ ಬೇಕಾದ ಟೆಸ್ಟನ್ನೇ ಮುಂದೂಡ್ತಾ ಇದ್ರೆ, ಹಲ್ಲು ಹಾಳಾದ್ರೂ ತೋರಿಸ್ದೇ ಇದ್ರೆ ಇದಕ್ಕೂ ಚಿಕಿತ್ಸೆ ತಗೊಳ್ಳಿ, ಎಲ್ಲಾ ಆತಂಕಗಳಲ್ಲಿ ಬೇಗ ವಾಸಿಯಾಗೋ ಗುಂಪು ಇದು.

ಪ್ರಶ್ನೆ: ಮಗಳಿಗೆ 5 ವರ್ಷ. ಮನೇಲಿ ವಟವಟ ಅಂತ ಮಾತು, ಸ್ಕೂಲಲ್ಲಿ ವರ್ಷ ಆಗ್ತಾ ಬಂದ್ರೂ ಒಂದು ಮಾತಾಡಿಲ್ಲ. ಬಾತ್‌ರೂಮ್ ಕೇಳೋಕೂ ಬಾಯಿ ಬಿಡಲ್ಲವಂತೆ. ಮಿಸ್ಸು ಹಠ ಅಂತಾರೆ.

ಉತ್ತರ: ಹಠ ಅಲ್ಲಮ್ಮ. ಮಾತಾಡಬೇಕು ಅನ್ನಿಸಿದ್ರೂ ಗಂಟಲಲ್ಲೇ ಕಟ್ಕೊಳ್ಳತ್ತೆ ಈ ಮಕ್ಕಳಿಗೆ. ಸೆಲೆಕ್ಟಿವ್ ಮ್ಯೂಟಿಸಂ ಅಂತಾರೆ, ಇದೂ ಆತಂಕದ ಒಂದು ರೂಪಾನೇ. ಸ್ಕೂಲ್ ಸೇರಿದ ಮೊದಲ ತಿಂಗಳು ಎಷ್ಟೋ ಮಕ್ಕಳು ಸುಮ್ಮನಿರ್ತಾರೆ, ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಆಮೇಲೂ ತಿಂಗಳುಗಟ್ಟಲೆ ಹೀಗೇ ಇದ್ರೆ ಕಾಯಬಾರದು. ಕಿವಿ, ಮಾತು ಒಂದು ಸಲ ಪರೀಕ್ಷೆ ಮಾಡಿಸಿ, ಸ್ಕೂಲಲ್ಲಿ ಆಡೋ ಭಾಷೆ ಅವಳಿಗೆ ಹೊಸದಾ ಅಂತಾನೂ ನೋಡಿ, ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ರ ಕರ್ಕೊಂಡು ಹೋಗಿ.

ಎಲ್ಲರ ಮುಂದೆ "ಹೇಳು, ಹೇಳು, ಆಂಟಿಗೆ ನಿನ್ನ ಹೆಸರು ಹೇಳು" ಅನ್ನೋದು, ಚಾಕ್ಲೇಟ್ ಆಸೆ ತೋರಿಸೋದು, ಬೈಯೋದು ಮೂರೂ ಬೇಡ. ಮಿಸ್ ಒಪ್ಪಿದ್ರೆ ಸ್ಕೂಲ್ ಖಾಲಿ ಇರೋ ಹೊತ್ತಲ್ಲಿ ನೀವೂ ಅವಳೂ ಕ್ಲಾಸಲ್ಲಿ ಕೂತು ಆಟ ಆಡಿ, ಅವಳು ಮಾಮೂಲಿ ಥರ ಮಾತಾಡೋಕೆ ಶುರು ಮಾಡಿದ್ಮೇಲೆ ಮಿಸ್ ಬಾಗಿಲ ಹತ್ರ ಬರಲಿ, ಇನ್ನೊಂದು ದಿನ ಒಳಗೆ ಬರಲಿ, ಅವಳ ಕಡೆ ನೋಡದೆ ಏನೋ ಕೆಲಸ ಮಾಡ್ಕೊಂಡಿರಲಿ, ಆಮೇಲೆ ಆಟಕ್ಕೆ ಸೇರಲಿ. ಬಾಯಿಂದ ಮಾತು ಬಂದ ದಿನ ಯಾರೂ ಚಪ್ಪಾಳೆ ಗಿಪ್ಪಾಳೆ ತಟ್ಟಬೇಡಿ, ಏನೂ ವಿಶೇಷ ಆಗಿಲ್ಲ ಅನ್ನೋ ಹಂಗಿರಿ. ಬಾತ್‌ರೂಮ್‌ಗೆ ಒಂದು ಕಾರ್ಡ್ ಕೊಡಿ, ಅಲ್ಲೀವರೆಗೂ ಮಗು ಒದ್ದಾಡೋದು ಬೇಡ.

ಪ್ರಶ್ನೆ: ನಮ್ಮ ಯಜಮಾನ್ರು ದಿನಾ ಗೂಗಲ್ ನೋಡಿ ಒಂದೊಂದು ಕಾಯಿಲೆ ಹಿಡ್ಕೊಂಡು ಬರ್ತಾರೆ. ತಲೆನೋವು ಬಂದ್ರೆ ಟ್ಯೂಮರ್, ಕೆಮ್ಮು ಬಂದ್ರೆ ಕ್ಯಾನ್ಸರ್. ರಿಪೋರ್ಟ್ ನಾರ್ಮಲ್ ಬಂದ್ರೆ ನಾಲ್ಕು ದಿನ ಸಮಾಧಾನ, ಮತ್ತೆ ಶುರು. ದಿನಕ್ಕೆ ಹತ್ತು ಸಲ "ನನಗೇನೂ ಆಗಲ್ಲ ಅಲ್ವಾ" ಅಂತ ಕೇಳ್ತಾರೆ. ಹೇಳೀ ಹೇಳೀ ಸಾಕಾಗಿದೆ.

ಉತ್ತರ: ನಿಮಗೆ ಸಾಕಾಗಿರೋದು ಸಹಜ, ಯಾಕಂದ್ರೆ ನೀವು ಹೇಳೋ ಸಮಾಧಾನ ಅವರಲ್ಲಿ ನಿಲ್ತಾನೇ ಇಲ್ಲ. ಅವರು ನಾಟಕ ಮಾಡ್ತಿಲ್ಲ, ತಲೆನೋವು ನಿಜವಾಗ್ಲೂ ಇರತ್ತೆ, ಅದಕ್ಕೆ ಕೊಡೋ ಅರ್ಥದಲ್ಲಿ ತಪ್ಪಾಗ್ತಿದೆ. ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸೋದು, ಗಂಟು ಇದೆಯಾ ಅಂತ ಮುಟ್ಟಿ ಮುಟ್ಟಿ ನೋಡ್ಕೊಳ್ಳೋದು, ನಿಮ್ಮನ್ನ ಕೇಳೋದು ಎಲ್ಲಾ ಒಂದೇ ಕೆಲಸ ಮಾಡ್ತವೆ, ಆ ಹೊತ್ತಿಗೆ ಭಯ ಇಳಿಸಿ ಮುಂದಿನ ಸಲಕ್ಕೆ ಹಸಿವು ಜಾಸ್ತಿ ಮಾಡ್ತವೆ. (ಕೆಲವರು ಇದಕ್ಕೆ ಉಲ್ಟಾ, ಭಯಕ್ಕೆ ಡಾಕ್ಟರ್ ಹತ್ರಾನೇ ಸುಳಿಯಲ್ಲ, ಆರೋಗ್ಯದ ಸುದ್ದಿ ಬಂದ್ರೆ ಟಿವಿ ಆಫ್ ಮಾಡ್ತಾರೆ. ಅದೂ ಇದೇ ತೊಂದರೇನೇ.)

ಇದ್ದಕ್ಕಿದ್ದಂಗೆ ಉತ್ತರ ಕೊಡೋದು ನಿಲ್ಲಿಸಿದ್ರೆ ಜಗಳ ಆಗತ್ತೆ. ಅವರು ಆರಾಮಿರೋ ಹೊತ್ತಲ್ಲಿ ಕೂತು ಮಾತಾಡ್ಕೊಳ್ಳಿ, "ನೀವು ಕೇಳಿದ್ರೆ ಒಂದು ಸಲ ಹೇಳ್ತೀನಿ, ಎರಡನೇ ಸಲ ಕೇಳಿದ್ರೆ ಇದನ್ನ ಕೇಳ್ತಿರೋದು ನೀವಲ್ಲ, ನಿಮ್ಮ ಭಯ ಅಂತೀನಿ, ಬೇಜಾರು ಮಾಡ್ಕೋಬೇಡಿ" ಅಂತ. ಹತ್ತು ಜನ ಸ್ಪೆಷಲಿಸ್ಟ್ ಬದಲು ಒಬ್ಬರೇ ಫ್ಯಾಮಿಲಿ ಡಾಕ್ಟರ್ ಇಟ್ಕೊಳ್ಳಿ, ಲಕ್ಷಣ ಬಂದಾಗೆಲ್ಲಾ ಓಡೋ ಬದಲು ಅವರು ಹೇಳಿದ ದಿನಕ್ಕೆ ಹೋಗಿ. ಹೊಸ ಲಕ್ಷಣ ನಿಜವಾಗ್ಲೂ ಬಂದ್ರೆ ಅವರೇ ನೋಡ್ತಾರೆ, ಆತಂಕ ಇರೋರಿಗೂ ಬೇರೆ ಕಾಯಿಲೆ ಬರಲ್ಲ ಅಂತೇನಿಲ್ಲವಲ್ಲ. ಮನೋವೈದ್ಯರ ಹತ್ರ ಕಳಿಸೋವಾಗ "ನಿಮ್ಮ ಕಾಯಿಲೆ ಸುಳ್ಳು" ಅನ್ನಬೇಡಿ, "ಈ ಚಿಂತೆಯಿಂದ ನಿಮಗೆ ಎಷ್ಟು ಹಿಂಸೆ ಆಗ್ತಿದೆ ಅಂತ ನನಗೆ ಕಾಣ್ತಿದೆ, ಅದಕ್ಕೆ ಹೋಗೋಣ" ಅನ್ನಿ, ಒಪ್ಪೋ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಬರೆಯೋಕೂ ನಾಚಿಕೆ ಆಗ್ತಿದೆ. ಹೆರಿಗೆ ಆಗಿ ಎರಡು ತಿಂಗಳು. ಮಗು ಎತ್ಕೊಂಡು ಬಾಲ್ಕನಿಗೆ ಹೋದ್ರೆ ಎತ್ತಿ ಎಸೆದುಬಿಡ್ತೀನೇನೋ ಅಂತ ಯೋಚನೆ ಬರತ್ತೆ. ಈಗ ಬಾಲ್ಕನಿ ಬಾಗಿಲು ತೆಗೆಯೋದೇ ಇಲ್ಲ, ಮಗು ಸ್ನಾನ ಅಮ್ಮನೇ ಮಾಡಿಸ್ತಾರೆ. ನಾನು ಕೆಟ್ಟವಳಾ?

ಉತ್ತರ: ಅಲ್ಲವೇ ಅಲ್ಲ. ಹೊಸದಾಗಿ ತಾಯಿಯಾದವರಲ್ಲಿ ಇಂಥ ಬೇಡದ ಯೋಚನೆ, ಚಿತ್ರ ಮನಸ್ಸಿಗೆ ಬರೋದು ಬಹಳ ಸಾಮಾನ್ಯ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಯೋಚನೆ ಬಂದ ತಕ್ಷಣ ನಿಮಗೆ ಭಯ ಆಗತ್ತೆ, ಅಸಹ್ಯ ಆಗತ್ತೆ, ಮಗು ಕಾಪಾಡೋಕೆ ಬಾಗಿಲು ಮುಚ್ತೀರಿ. ಇದು ಓಸಿಡಿ ದಾರಿ. ಓಸಿಡಿ ಅಂದ್ರೆ ಬರೀ ಕೈ ತೊಳೆಯೋದು ಅಂತ ಜನ ಅನ್ಕೊಂಡಿದಾರೆ, ಹಂಗಲ್ಲ, ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗೋದು, ಆ ಭಯ ಇಳಿಸೋಕೆ ಏನಾದ್ರೂ ಒಂದು ಮಾಡ್ತಾನೇ ಇರೋದು. 2013ರಿಂದ ಅಮೆರಿಕಾದ ಮನೋವೈದ್ಯರ ಕೈಪಿಡೀಲಿ ಇದನ್ನ ಆತಂಕದ ಪಟ್ಟಿಯಿಂದ ತೆಗೆದು ಬೇರೆ ಅಧ್ಯಾಯ ಮಾಡಿದಾರೆ, ಅನುಭವಿಸೋರಿಗೆ ಮಾತ್ರ ಇದು ಶುದ್ಧ ಆತಂಕಾನೇ. ಎದೆಹಾಲು ಕೊಡ್ತಾ ಇದ್ರೂ ಚಿಕಿತ್ಸೆ ಇದೆ, ಈ ವಾರಾನೇ ಹೋಗಿ, ಅಮ್ಮನ ಹತ್ರ ಹೇಳ್ಕೊಳ್ಳೋಕೆ ಆದ್ರೆ ಹೇಳ್ಕೊಳ್ಳಿ.

ಒಂದು ವ್ಯತ್ಯಾಸ ಮಾತ್ರ ಓದೋ ಎಲ್ಲರಿಗೂ ಗೊತ್ತಿರಲಿ. ಬಾಣಂತಿಗೆ ಆ ಯೋಚನೆ ಭಯ ಹುಟ್ಟಿಸದೆ ಸರಿ ಅನ್ನಿಸೋಕೆ ಶುರುವಾದ್ರೆ, ಯಾರೋ ಹೇಳಿದಂಗೆ ಧ್ವನಿ ಕೇಳಿದ್ರೆ, ದಿನಗಟ್ಟಲೆ ನಿದ್ದೇನೇ ಬೇಡ ಅನ್ನಿಸಿ ಮಾತು ಎಲ್ಲೆಲ್ಲೋ ಹೋಗ್ತಿದ್ರೆ ಅದು ಬೇರೆ ಕಾಯಿಲೆ, ಅದು ಎಮರ್ಜೆನ್ಸಿ, ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಪ್ರಶ್ನೆ: ಆಲ್ಪ್ರಜೋಲಮ್ ಮಾತ್ರೆ ಐದು ವರ್ಷದಿಂದ ರಾತ್ರಿ ತಗೋತಿದೀನಿ, ಯಾವಾಗ್ಲೋ ಒಬ್ಬ ಡಾಕ್ಟರ್ ಬರ್ಕೊಟ್ಟಿದ್ದು. ವಯಸ್ಸು 63. ಬಿಡೋಕೆ ಹೋದ್ರೆ ನಡುಕ ಬರತ್ತೆ. ಮಗ ಹೇಳ್ತಾನೆ ಸೈಕಿಯಾಟ್ರಿ ಮಾತ್ರೆ ಎಲ್ಲಾ ಅಡಿಕ್ಷನ್ನೇ ಅಂತ, ಹೌದಾ?

ಉತ್ತರ: ಮಗ ಹೇಳೋದು ಅರ್ಧ ಸತ್ಯ ಸರ್. ಆಲ್ಪ್ರಜೋಲಮ್, ಕ್ಲೋನಜೆಪಾಮ್ ಈ ಗುಂಪಿನ ಮಾತ್ರೆಗಳು ಅರ್ಧ ಮುಕ್ಕಾಲು ಗಂಟೇಲಿ ನಿರಾಳ ಕೊಡ್ತವೆ, ಅದಕ್ಕೇ ಮೈ ಅಂಟಿಕೊಳ್ಳತ್ತೆ. ಸ್ವಲ್ಪ ದಿನಕ್ಕೆ ಅಂತ ಬರೆದಿದ್ದು ವರ್ಷಗಟ್ಟಲೆ ಮುಂದುವರಿಯೋದು ನಾವು ದಿನಾ ನೋಡೋ ಕಥೆ. ವಯಸ್ಸಾದವರಲ್ಲಿ ಬೀಳೋದು, ಮರೆವು ಜಾಸ್ತಿ ಮಾಡತ್ತೆ, ಮದ್ಯದ ಜೊತೆ ಸೇರಿದ್ರೆ ಉಸಿರೇ ನಿಲ್ಲಬಹುದು. ಆದ್ರೆ ದಯವಿಟ್ಟು ನಾಳೆಯಿಂದ ತಗೊಳ್ಳಲ್ಲ ಅಂತ ಶಪಥ ಮಾಡಬೇಡಿ, ಏಕಾಏಕಿ ನಿಲ್ಲಿಸಿದ್ರೆ ಫಿಟ್ಸ್ ಬರೋ ಅಪಾಯ ಇದೆ. ಡಾಕ್ಟರ್ ನೋಡ್ಕೊಂಡು ಸ್ವಲ್ಪ ಸ್ವಲ್ಪಾನೇ ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಸ್ತಾರೆ.

ಆತಂಕಕ್ಕೆ ಈಗ ಮೊದಲು ಕೊಡೋದು ಸೆರ್ಟ್ರಲಿನ್, ಎಸಿಟಲೋಪ್ರಾಮ್ ಥರದ್ದು. ಇವು ಆ ರೀತಿ ಚಟ ಹಿಡಿಸಲ್ಲ, ತಕ್ಷಣ ಮಜಾನೂ ಕೊಡಲ್ಲ, ಪರಿಣಾಮ ಕಾಣೋಕೆ 2ರಿಂದ 6 ವಾರ ಬೇಕು, ಮೊದಲ ವಾರ ಚಡಪಡಿಕೆ, ವಾಕರಿಕೆ ಸ್ವಲ್ಪ ಜಾಸ್ತೀನೇ ಆಗಬಹುದು, ಅಲ್ಲಿಗೇ "ಈ ಮಾತ್ರೆ ನನಗೆ ಆಗಲ್ಲ" ಅಂತ ಎಷ್ಟೋ ಜನ ಎಸೀತಾರೆ. ಹುಷಾರಾದ ಮೇಲೂ ಕನಿಷ್ಠ 6 ತಿಂಗಳಿಂದ ಒಂದು ವರ್ಷ ಮುಂದುವರಿಸಿ ಆಮೇಲೆ ನಿಧಾನವಾಗಿ ಇಳಿಸೋದು, ಇವನ್ನೂ ಥಟ್ಟನೆ ನಿಲ್ಲಿಸಬಾರದು.

ಪ್ರಶ್ನೆ: ಎಲ್ಲರಿಗೂ ಸ್ವಲ್ಪ ಭಯ ಇದ್ದೇ ಇರತ್ತೆ. ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು, ಯಾರ ಹತ್ರ ಹೋಗ್ಬೇಕು, ಹೋಗಿ ಏನ್ ಹೇಳ್ಬೇಕು?

ಉತ್ತರ: ಪರೀಕ್ಷೆ ಹಿಂದಿನ ರಾತ್ರಿ, ಮನೇಲಿ ಯಾರಿಗೋ ಆಪರೇಷನ್ ಇದ್ದಾಗ, ಕೆಲಸ ಹೋಗೋ ಸುದ್ದಿ ಬಂದಾಗ ನಿದ್ದೆ ಬರದಿದ್ರೆ ಅದಕ್ಕೆ ಡಾಕ್ಟರ್ ಬೇಡ. ಆ ಭಯಕ್ಕೆ ಕಾರಣ ಇದೆ, ಕಾರಣ ಹೋದ್ಮೇಲೆ ಅದೂ ಹೋಗತ್ತೆ. ಕಾರಣ ಹೋಗಿ ವಾರಗಳಾದ್ರೂ ಭಯ ಉಳಿದ್ರೆ, ಅದಕ್ಕೋಸ್ಕರ ಕೆಲಸ, ಓದು, ಓಡಾಟ, ಸಂಬಂಧ ಇವುಗಳಲ್ಲಿ ಒಂದನ್ನ ಬಿಟ್ಟುಕೊಡೋಕೆ ಶುರು ಮಾಡಿದ್ರೆ, ನಿದ್ದೆಗೋ ಧೈರ್ಯಕ್ಕೋ ಕುಡಿತ, ಮಾತ್ರೆ ಹಿಡಿದ್ರೆ, ಮನೆಯವರ ದಿನಚರಿ ನಿಮ್ಮ ಭಯದ ಸುತ್ತ ತಿರುಗ್ತಿದ್ರೆ ಹೋಗಿ. ತೀರಾ ಹಾಳಾಗೋವರೆಗೂ ಕಾದು ಬಂದವರಿಗೆ ಅರ್ಹತೆ ಜಾಸ್ತಿ ಅಂತೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 30 ಕೋಟಿ ಜನಕ್ಕೆ ಆತಂಕದ ಕಾಯಿಲೆ ಇತ್ತು, ಚಿಕಿತ್ಸೆ ಬೇಕಾದ ನಾಲ್ಕು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅದು ಸಿಗ್ತಿದೆ ಅಂತಾನೂ ಅವರೇ ಹೇಳ್ತಾರೆ.

ಬದುಕೋದು ಬೇಡ, ಸತ್ರೆ ಸಾಕು ಅನ್ನೋ ಯೋಚನೆ ಬರ್ತಿದ್ರೆ ಇವತ್ತೇ, ಈಗ್ಲೇ ಒಬ್ಬರಿಗೆ ಹೇಳಿ, ಎಮರ್ಜೆನ್ಸಿಗೆ ಹೋಗಿ ಅಥವಾ ನಿಮ್ಮ ಕಡೆ ಇರೋ ಸಹಾಯವಾಣಿಗೆ ಫೋನ್ ಮಾಡಿ. ಅಪಾಯಿಂಟ್‌ಮೆಂಟ್ ಸಿಕ್ಕಿದ ದಿನ ಹೋಗೋಣ ಅಂತ ಕಾಯೋ ವಿಷಯ ಅಲ್ಲ ಅದು.

ಯಾರ ಹತ್ರ ಅಂದ್ರೆ, ಮೊದಲು ಫ್ಯಾಮಿಲಿ ಡಾಕ್ಟರ್ ಆದ್ರೂ ಸಾಕು. ಮಾತ್ರೆ ಬರೆಯೋರು ಮನೋವೈದ್ಯರು, ಸಿಬಿಟಿ ಥರದ ಚಿಕಿತ್ಸೆ ಮಾಡೋದು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್, ಎಷ್ಟೋ ಸಲ ಇಬ್ಬರೂ ಬೇಕಾಗ್ತಾರೆ. "ಈ ಭಯಕ್ಕೆ ನೀವು ಯಾವ ರೀತಿ ಚಿಕಿತ್ಸೆ ಮಾಡ್ತೀರ, ಎಷ್ಟು ದಿನ ಆಗಬಹುದು" ಅಂತ ಮೊದಲ ದಿನಾನೇ ಕೇಳಿ, ಕೇಳೋದು ಮರ್ಯಾದೆ ಕೊಡದಂಗೆ ಅಲ್ಲ. ಹೋಗೋ ಮುಂಚೆ ಒಂದು ಚೀಟೀಲಿ ಬರ್ಕೊಳ್ಳಿ, ಎದುರಿಗೆ ಕೂತಾಗ ಅರ್ಧ ಮರೆತುಹೋಗತ್ತೆ. ಯಾವಾಗ ಶುರುವಾಯ್ತು, ಬಂದಾಗ ಮೈಯಲ್ಲಿ ಏನಾಗತ್ತೆ, ಎಷ್ಟು ಹೊತ್ತು ಇರತ್ತೆ, ಆ ಹೊತ್ತಲ್ಲಿ ಏನಾಗಿಬಿಡತ್ತೆ ಅನ್ನಿಸತ್ತೆ, ಇದರಿಂದ ಏನೇನು ಬಿಟ್ಟಿದೀರಿ, ಮನೇಲಿ ಬೇರೆ ಯಾರಿಗಾದ್ರೂ ಇತ್ತಾ. ಕುಡಿಯೋದು, ಸೇದೋದು ಇದ್ರೆ ಮುಚ್ಚಿಡಬೇಡಿ, ಕುಡಿತ ಬಿಟ್ಟ ಒಂದೆರಡು ದಿನಕ್ಕೆ ಬರೋ ನಡುಕ, ಗಾಬರಿಗೆ ಚಿಕಿತ್ಸೇನೇ ಬೇರೆ. ಈಗ ತಗೋತಿರೋ ಮಾತ್ರೆ ಎಲ್ಲಾ ಜೊತೇಲಿ ತಗೊಂಡು ಹೋಗಿ, ಆಸ್ತಮಾ ಇನ್‌ಹೇಲರ್, ಮೂಗು ಕಟ್ಟಿದ್ದಕ್ಕೆ ತಗೊಳ್ಳೋ ನೆಗಡಿ ಮಾತ್ರೆ, ಸ್ಟೀರಾಯ್ಡ್, ತೂಕ ಇಳಿಸೋಕೆ ಅಂತ ತರಿಸ್ಕೊಂಡ ಪುಡಿ ಇವೂ ಸೇರಿ, ಯಾಕಂದ್ರೆ ಇವುಗಳಲ್ಲಿ ಕೆಲವು ತಾವೇ ಎದೆ ಬಡಿತ ತರಿಸ್ತವೆ.